ವೃದ್ಧಾಶ್ರಮ ಪ್ರವೇಶ, ಅನುದಾನಿತ
ಸರ್ಕಾರಿ ಅನುದಾನದ ವೃದ್ಧಾಶ್ರಮಗಳಿಗೆ 60 ವರ್ಷ ತುಂಬಿದ, ಆಸರೆಯಿಲ್ಲದ ಬಡವರನ್ನು ಸೇರಿಸಿಕೊಳ್ಳುವ ವ್ಯವಸ್ಥೆ. ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಕುರಿತ 2007ರ ಕಾಯ್ದೆಯ 19ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರವು ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವ ಆಶ್ರಮಗಳನ್ನು ಹಂತಹಂತವಾಗಿ ತೆರೆಯಬಹುದು. ಕರ್ನಾಟಕದಲ್ಲಿ ಅನುದಾನಿತ ಆಶ್ರಮಗಳನ್ನು ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತವೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯದು ಮೇಲ್ವಿಚಾರಣೆ.

ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್‌ನಂಥ ಹೆದ್ದಾರಿ ಊರಿನವರಿಗೆ ಇಲಾಖೆಯ ಜಿಲ್ಲಾ ಕಚೇರಿ ಇರುವುದು ಬಾಗಲಕೋಟೆಯಲ್ಲಿ. ಅರ್ಜಿಗೆ ಮುಖ್ಯವಾಗಿ ಬೇಕಾಗುವುದು ಗುರುತಿನ ಹಾಗೂ ವಯಸ್ಸಿನ ದಾಖಲೆ. ಮಕ್ಕಳಿದ್ದೂ ಅನ್ನ ಹಾಕದಿದ್ದರೆ ಹಿರಿಯರು ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ನ್ಯಾಯಮಂಡಳಿಯಲ್ಲಿ ಜೀವನಾಂಶ ಕೇಳಬಹುದು; ಬರೆಯಲಾಗದವರ ಪರವಾಗಿ ಬೇರೊಬ್ಬರು ಅಥವಾ ಸಂಸ್ಥೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ 14567.