ಹಸಿ ಮಣ್ಣು, ಸುಟ್ಟ ಮಣ್ಣು

ನಮ್ಮ ಕಂದಿಕೆರೆಯ ಸೀಮೆಯಲ್ಲಿ ಸೂತಕ ಕಳೆದ ಮೇಲೆ ಹಿತ್ತಾಳೆಯ ಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಒಳಗಿಡುತ್ತಿದ್ದರು; ಮಣ್ಣಿನ ಮಡಕೆಯನ್ನು ಮಾತ್ರ ಹೊರಗೆ ಬಿಸಾಡುತ್ತಿದ್ದರು. ಬೈಬಲಿನ ಯಾಜಕಕಾಂಡದಲ್ಲಿಯೂ ಇದೇ ನ್ಯಾಯವಿರುವುದನ್ನು ಓದಿ ನಾನು ಬೆರಗಾದೆ: ಮೈಲಿಗೆಯಾದ ಮರದ ಪಾತ್ರೆಯನ್ನು ತೊಳೆದರೆ ಸಾಕು, ಮಣ್ಣಿನದನ್ನು ಒಡೆಯಲೇಬೇಕು.

ಯೆರೆಮೀಯನ ಗ್ರಂಥದ 18ನೆಯ ಅಧ್ಯಾಯದಲ್ಲಿ ಕುಂಬಾರನು ತಿಗರಿಯ ಮೇಲೆ ಕೆಟ್ಟುಹೋದ ಮಡಕೆಯನ್ನು ಮತ್ತೆ ಮುದ್ದೆಮಾಡಿ ಬೇರೊಂದನ್ನು ರೂಪಿಸುತ್ತಾನೆ. ಮರು ಅಧ್ಯಾಯದಲ್ಲಿಯೇ ಪ್ರವಾದಿಯು ಸುಟ್ಟ ಕೂಜೆಯೊಂದನ್ನು ಒಡೆದುಹಾಕುತ್ತಾನೆ. ಅದು ಇನ್ನು ಕೂಡಿಕೊಳ್ಳದು. ಹಸಿ ಮಣ್ಣಿಗೆ ಕ್ಷಮೆಯುಂಟು, ಸುಟ್ಟ ಮಣ್ಣಿಗಿಲ್ಲ. ಆದರೆ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಒಡೆಯುವ ಆ ಮಣ್ಣಿನ ಪಾತ್ರೆಯಲ್ಲಿಯೇ ನಿಕ್ಷೇಪವನ್ನು ಕಂಡನು.

ಮಂಗಳೂರಿನಲ್ಲಿ ಈ ಮಣ್ಣು ಅನ್ನವೂ ಆಯಿತು. ಮತಾಂತರದಿಂದ ಜಾತಿಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಉದ್ಯೋಗ ಕೊಡಲೆಂದು ಬಾಸೆಲ್ ಮಿಷನ್ ಕೈಗಾರಿಕೆಗಳನ್ನು ಹೂಡಿತು; 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿಯ ದಡದ ಜೇಡಿಮಣ್ಣು ಹೆಂಚಾಗಿ ಘಟ್ಟ ಹತ್ತಿತು. ಮೈಲಿಗೆಯೆಂದು ಮಡಕೆಯನ್ನು ಬಿಸಾಡುತ್ತಿದ್ದ ಜನ ಆ ಹೆಂಚು ಯಾರ ಕೈಯದೆಂದು ಕೇಳಲಿಲ್ಲ. ಮನೆಯಿಂದ ಹೊರಬಿದ್ದವರು ಸುಟ್ಟ ಮಣ್ಣು ಮಡಿವಂತರ ಅಡಿಗೆಮನೆಯನ್ನೂ ಮಳೆಯಿಂದ ಕಾಯಿತು.