ಹುಬ್ಬಳ್ಳಿಯ ನಳ, ಗಾಜಿನ ಪೆಟ್ಟಿಗೆಯ ಸಮುದ್ರ

ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊಂಟಿರಲಿ, ಮನೆಯಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರಲಿ, ಒಂದು ಹತ್ತು ನಿಮಿಷ ನನಗ ಕೊಡ್ರಿ. ಇತ್ತೀಚೆಗೆ ನಮ್ಮ ಕೇಳುಗರು ಬಹಳ ಮಂದಿ ಒಂದೇ ಪ್ರಶ್ನೆ ಕೇಳ್ತಿದ್ದಾರೆ: ರೀಲ್ಸ್‌ನಲ್ಲಿ ಕಾಣೋ ಆ ನೀಲಿ ಬೆಳಕಿನ ಸಮುದ್ರದ ಟ್ಯಾಂಕ್ ಹುಬ್ಬಳ್ಳಿಯಲ್ಲಿ ಇಡಬಹುದಾ? ಮೀನು ಒಂದೇ ವಾರಕ್ಕ ಯಾಕ ಸಾಯ್ತಾವ? ಇದಕ್ಕೆ ಉತ್ತರ ಅಂಗಡಿಯಲ್ಲಿಲ್ಲ, ಇತಿಹಾಸದಲ್ಲಿದೆ.

ಮೊದಲು ಸಮುದ್ರವನ್ನೇ ನೋಡೋಣ. 1872ರಿಂದ 1876ರವರೆಗೆ ಬ್ರಿಟನ್ನಿನ ‘ಚಾಲೆಂಜರ್’ ಎಂಬ ಹಡಗು ಜಗತ್ತಿನ ಸಾಗರಗಳನ್ನು ಸುತ್ತಿ ನೀರು ಸಂಗ್ರಹಿಸಿತು. ವಿಲಿಯಂ ಡಿಟ್‌ಮಾರ್ ಎಂಬ ರಸಾಯನಶಾಸ್ತ್ರಜ್ಞ ಅದರಲ್ಲಿ 77 ಮಾದರಿಗಳನ್ನು ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದ. ಉಪ್ಪಿನಂಶ ಒಂದು ಕಡೆ ಸ್ವಲ್ಪ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಆದರೆ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಇವುಗಳ ಪರಸ್ಪರ ಪ್ರಮಾಣ ಮಾತ್ರ ಎಲ್ಲ ಸಾಗರಗಳಲ್ಲೂ ಹೆಚ್ಚೂಕಡಿಮೆ ಒಂದೇ! ಅಂದ್ರ, ಹವಳಗಳು ಲಕ್ಷಾಂತರ ವರ್ಷ ಬದುಕಿದ್ದು ಬದಲಾಗದ ನೀರಿನಲ್ಲಿ. ಬದಲಾವಣೆ ತಡೆದುಕೊಳ್ಳೋ ಅಭ್ಯಾಸವೇ ಅವಕ್ಕಿಲ್ಲ.

ಈಗ ಆ ಸಮುದ್ರವನ್ನು ನೂರು ಲೀಟರ್ ಪೆಟ್ಟಿಗೆಗೆ ಇಳಿಸಿದ್ರ ಏನಾಗ್ತದ? ಇದನ್ನು ಮೊದಲು ಅನುಭವಿಸಿದವರಲ್ಲಿ ಒಬ್ಬಳು ಲಂಡನ್ನಿನ ಆನಾ ಥೈನ್. 1846ರಲ್ಲಿ ಟಾರ್‌ಕೀ ಕಡಲತೀರದಿಂದ ಜೀವಂತ ಹವಳಗಳನ್ನು ಮನೆಗೆ ತಂದಳು. ಪಂಪಿಲ್ಲ, ಕರೆಂಟಿಲ್ಲ. ನೀರಿಗೆ ಗಾಳಿ ಸೇರಲೆಂದು ಮನೆಗೆಲಸದಾಕೆ ದಿನಾ ಅರ್ಧ ಮುಕ್ಕಾಲು ಗಂಟೆ ಕಿಟಕಿಯ ಮುಂದೆ ನಿಂತು, ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯಬೇಕಿತ್ತು. ನಮ್ಮ ಕಡೆ ಚಹಾ ಆರಿಸ್ತೀವಲ್ಲ, ಹಂಗ. ಆಮೇಲೆ ಆನಾ ಕಡಲಪಾಚಿಯನ್ನೂ ಜೊತೆಗಿಟ್ಟಳು. ಹವಳಗಳು ಸುಮಾರು ಮೂರು ವರ್ಷ ಬದುಕಿದವು. ಆ ಕೆಲಸದಾಕೆಯ ಹೆಸರು ಮಾತ್ರ ಯಾರೂ ಹೇಳೋದಿಲ್ಲ ನೋಡ್ರಿ.

1850ರಲ್ಲಿ ಅದೇ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಒಂದು ಗಾಜಿನ ಪಾತ್ರೆಯ ಲೆಕ್ಕ ಒಪ್ಪಿಸಿದ. ಅದರಲ್ಲಿದ್ದದ್ದು ಮೀನು, ನೀರುಗಿಡ, ಬಸವನಹುಳು. ಮೀನಿನ ಉಸಿರು ಗಿಡಕ್ಕೆ, ಗಿಡದ ಉಸಿರು ಮೀನಿಗೆ, ಕೊಳೆತ ಎಲೆ ಬಸವನಹುಳುವಿಗೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು, ಅಕ್ವೇರಿಯಂ ಹುಚ್ಚು ಊರೆಲ್ಲ ಹಬ್ಬಿತು. ಆದರೆ ಲೆಕ್ಕದಲ್ಲಿ ಒಂದು ಪಾತ್ರಧಾರಿ ಕಾಣಿಸಿರಲಿಲ್ಲ. 1890ರ ಹೊತ್ತಿಗೆ ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾದ್‌ಸ್ಕಿ ಅದನ್ನು ಹಿಡಿದ: ಬ್ಯಾಕ್ಟೀರಿಯಾ. ಒಂದು ಬಗೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಅಷ್ಟು ಅಪಾಯವಿಲ್ಲ.

ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಇರೋದೇ ಇಲ್ಲ. ಬೆಳೆಯೋದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಭಾನುವಾರ ಟ್ಯಾಂಕ್ ತಂದು ಸೋಮವಾರ ಮೀನು ಬಿಟ್ಟರೆ ಅವು ತಮ್ಮದೇ ಹೊಲಸಿನಲ್ಲಿ ಉಸಿರುಗಟ್ಟುತ್ತವೆ. ಹೊಸ ಟ್ಯಾಂಕಿನಲ್ಲಿ ಒಂದೇ ವಾರಕ್ಕೆ ಮೀನು ಸಾಯೋದಕ್ಕೆ ಬಹಳಷ್ಟು ಸಲ ಕಾರಣ ಇಷ್ಟೇ.

ಈಗ ನಮ್ಮೂರಿಗೆ ಬರೋಣ. ಹುಬ್ಬಳ್ಳಿ-ಧಾರವಾಡದ ನೀರಿನ ಕಥೆ ನಮಗ ಹೇಳ್ಕೊಡಬೇಕಾಗಿಲ್ಲ. 2008ರಲ್ಲಿ ಕೆಲವು ವಾರ್ಡುಗಳಿಗೆ 24 ಗಂಟೆ ನೀರು ಬಂತು. ಉಳಿದ ಕಡೆ ನಳ ಬರೋದು ದಿನಗಟ್ಟಲೆ ಬಿಟ್ಟು. ಒಂದೇ ಊರಲ್ಲಿ ಎರಡು ಥರದ ನೀರು ಇದ್ದದ್ದರಿಂದ ಬರ್ಕ್‌ಲಿಯ ಸಂಶೋಧಕರು ಇಲ್ಲಿಗೇ ಬಂದು ಹೋಲಿಸಿ ನೋಡಿದರು. ಬಿಟ್ಟು ಬಿಟ್ಟು ಬರೋ ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚು, ಅದರಲ್ಲೂ ನಳ ಬಂದಾಗಿನ ಮೊದಲ ನೀರು ಎಲ್ಲಕ್ಕಿಂತ ಕೆಟ್ಟದ್ದು ಅಂತ ಕಂಡುಬಂತು. ನಮ್ಮ ಮನೆಯಲ್ಲಿ ಮೊದಲ ಎರಡು ಕೊಡ ಗಿಡಕ್ಕೆ ಹಾಕೋ ರೂಢಿ ಐತಿ. ಅಜ್ಜಿಗೆ ಪೇಪರ್ ಬೇಕಾಗಿರಲಿಲ್ಲ!

ನಳದ ನೀರಿನಲ್ಲಿ ಕ್ಲೋರಿನ್ ಒಂದು ದಿನ ಇದ್ದಂಗ ಇನ್ನೊಂದು ದಿನ ಇರೋದಿಲ್ಲ. ನಳ ಬರದಿದ್ದರೆ ಬೋರ್‌ವೆಲ್, ಅದರ ಗಡಸುತನವೇ ಬೇರೆ. ಈ ನೀರಿಗೆ ಉಪ್ಪು ಕಲಸಿದರೆ ಪ್ರತಿ ಸಲವೂ ಬೇರೆ ಸಮುದ್ರ. ಆದ್ದರಿಂದಲೇ ಆರ್‌ಓ ನೀರು ಬೇಕು. ಈ ಆರ್‌ಓ ಪೊರೆಯನ್ನು 1959ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಾಧ್ಯವಾಗಿಸಿದ ಇಬ್ಬರಲ್ಲಿ ಒಬ್ಬರು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್, ಇನ್ನೊಬ್ಬರು ಸಿಡ್ನಿ ಲೋಬ್. ಅವರ ಗುರಿ ಸಮುದ್ರದ ಉಪ್ಪು ತೆಗೆಯೋದು. ನಾವು ಅದೇ ಪೊರೆಯಿಂದ ನೀರು ಸೋಸಿ, ಮತ್ತೆ ಉಪ್ಪು ಹಾಕ್ತೀವಿ.

ಬರ್ಕೊಳ್ರಿ: ಕಿಲೋ ನೀರಿಗೆ 35 ಗ್ರಾಂ ಉಪ್ಪು, ಉಷ್ಣತೆ 25-26 ಡಿಗ್ರಿ, ಪಿಎಚ್ 8.1ರ ಆಸುಪಾಸು. ನೀರು ಆವಿಯಾದರೂ ಉಪ್ಪು ಆವಿಯಾಗೋದಿಲ್ಲ. ನೂರು ಲೀಟರಿನಲ್ಲಿ ಎರಡು ಲೀಟರ್ ಆರಿದರೆ 35 ಇದ್ದದ್ದು 35.7 ಆಗ್ತದ. ನಮ್ಮ ಏಪ್ರಿಲ್ ಬಿಸಿಲಿಗೆ ಇದು ದೊಡ್ಡ ಮಾತಲ್ಲ. ಹಾಗಾಗಿ ದಿನಾ ತುಂಬಬೇಕಾದ್ದು ಉಪ್ಪುನೀರಲ್ಲ, ಬರೀ ಆರ್‌ಓ ನೀರು.

ಹವಳ ಬೆಳೆಯೋದಕ್ಕೆ ಕ್ಯಾಲ್ಸಿಯಂ, ಕಾರ್ಬೋನೇಟ್ ಎರಡೂ ಬೇಕು, ಅವು ದಿನಾ ಖರ್ಚಾಗುತ್ತವೆ. 1970ರ ದಶಕದಲ್ಲಿ ಯೂರೋಪಿನ ಪೀಟರ್ ವಿಲ್ಕೆನ್ಸ್ ಇದಕ್ಕೆ ಪ್ರಚಾರಕ್ಕೆ ತಂದ ಮದ್ದು ಏನು ಗೊತ್ತಾ? ಸುಣ್ಣದ ತಿಳಿನೀರು! ಅದನ್ನು ಹನಿಹನಿಯಾಗಿ ಬಿಡಬೇಕು, ಒಮ್ಮೆಗೇ ಸುರಿದರೆ ಪಿಎಚ್ ಜಿಗಿದು ಎಲ್ಲ ಸಾಯುತ್ತವೆ. ಎಲೆ-ಅಡಿಕೆಯ ಸುಣ್ಣ ಮಾತ್ರ ಹಾಕಬ್ಯಾಡ್ರಿ, ಅದರಲ್ಲಿ ಏನೇನಿರ್ತದೋ.

ಆದರೆ ಇಲ್ಲಿ ನಿಲ್ಲಬೇಕು. ನಮ್ಮ ದೇಶದಲ್ಲಿ 2001ರಿಂದ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಜೊತೆಗೆ. ಸಮುದ್ರದಿಂದ ಕಿತ್ತು ಮಾರೋದು ಅಪರಾಧ. ಘಟ್ಟ ಇಳಿದರೆ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪ, ಅಲ್ಲಿ ನಮ್ಮದೇ ಹವಳಗಳಿವೆ. ಇನ್‌ಸ್ಟಾದಲ್ಲಿ ಯಾರಾದರೂ ‘ಲೈವ್ ಕೋರಲ್’ ಮಾರ್ತೀನಿ ಅಂದ್ರ, ದುಡ್ಡು ಕಳಿಸೋಕಿಂತ ಮೊದಲು ಅದು ಎಲ್ಲಿಂದ ಬಂತು ಅಂತ ಯೋಚಿಸ್ರಿ. ಸಾಕಿದ ಮೀನು, ಕೃತಕ ಬಂಡೆ ಇಟ್ಟುಕೊಂಡರೂ ಟ್ಯಾಂಕ್ ಚೆಂದ ಕಾಣ್ತದ, ಮೇಲಿನ ಲೆಕ್ಕವೂ ಬಹುಪಾಲು ಅದೇ.

ಕೈಗಾರಿಕಾ ಯುಗಕ್ಕೆ ಮುಂಚೆ 8.2ರ ಹತ್ತಿರ ಇದ್ದ ಸಾಗರದ ಪಿಎಚ್ ಈಗ 8.1ಕ್ಕೆ ಇಳಿದಿದೆ. ಅಂಕಿ ಸಣ್ಣದು, ಆದರೆ ಆಮ್ಲೀಯತೆ ಕಾಲು ಭಾಗಕ್ಕೂ ಹೆಚ್ಚು ಏರಿದೆ. ಕಾರಣ ನಮ್ಮ ಹೊಗೆ. ನೂರು ಲೀಟರ್ ನೀರನ್ನು ಒಂದೇ ಹದದಲ್ಲಿ ಇಡೋದು ಎಷ್ಟು ಕಷ್ಟ ಅಂತ ಒಂದು ತಿಂಗಳು ನೋಡಿದವರಿಗೆ ಈ ಅಂಕಿಯ ಅರ್ಥ ಬೇಗ ತಿಳೀತದ. ಹಂಗಾಗಿ ಟ್ಯಾಂಕ್ ತಂದವರು ಮೊದಲ ಆರು ವಾರ ಮೀನು ತರಬ್ಯಾಡ್ರಿ. ಟೆಸ್ಟ್ ಕಿಟ್ ತಗೊಂಡು ನೀರನ್ನಷ್ಟೇ ನೋಡ್ರಿ. ಮುಂದಿನ ಎಪಿಸೋಡಿನಲ್ಲಿ ಸಿಗೋಣ.