ತೂಕದಾಚೆಗೆ: ಜೀವಕೋಶದ ಒತ್ತಡಕ್ಕೂ ಮದ್ದು ಬೇಕು

ಸ್ಥೂಲಕಾಯದ ಚಿಕಿತ್ಸೆ ಎಂದೊಡನೆ ಈಗ ಎಲ್ಲರ ಬಾಯಲ್ಲೂ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳದೇ ಮಾತು. ಅವು ಒಳ್ಳೆಯ ಔಷಧಗಳೇ. ಹಸಿವು ತಗ್ಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಹತೋಟಿಗೆ ಬರುತ್ತದೆ. ಆದರೆ ಬೊಜ್ಜಿನ ಕಾಯಿಲೆಯೆಂದರೆ ತೂಕದ ಲೆಕ್ಕವಷ್ಟೇ ಎಂಬ ತಪ್ಪು ಗ್ರಹಿಕೆಯೂ ಅವುಗಳ ಜೊತೆಗೆ ಬೇರೂರುತ್ತಿದೆ. ಜೀವಕೋಶ ಪಡುವ ಪಾಡನ್ನೇ ಗುರಿಯಾಗಿಸಿಕೊಂಡಿದ್ದ ಸಂಶೋಧನೆ ಈ ಸದ್ದಿನಲ್ಲಿ ಮರೆಗೆ ಸರಿದಿದೆ.

1962ರಲ್ಲಿ ಇಟಲಿಯ ಫೆರುಚ್ಚೊ ರಿಟೋಸ್ಸಾ, ಶಾಖ ತಾಗಿದ ಹಣ್ಣುನೊಣದ ಕ್ರೋಮೊಸೋಮುಗಳಲ್ಲಿ ಹೊಸ ಉಬ್ಬುಗಳನ್ನು ಗುರುತಿಸಿದರು. ಕೋಶದ ಒತ್ತಡ ಪ್ರತಿಕ್ರಿಯೆಗಳ ಅಧ್ಯಯನಕ್ಕೆ ಅದೇ ನಾಂದಿ. ಮೂರು ದಶಕಗಳ ನಂತರ ಪೀಟರ್ ವಾಲ್ಟರ್ ಮತ್ತು ಕಝುತೋಶಿ ಮೋರಿ ಯೀಸ್ಟ್ ಕೋಶಗಳಲ್ಲಿ ಇನ್ನೊಂದು ರಕ್ಷಣಾ ವ್ಯವಸ್ಥೆಯ ಎಳೆಗಳನ್ನು ಬಿಡಿಸಿದರು. ಪ್ರೋಟೀನುಗಳನ್ನು ಮಡಚಿ ಆಕಾರ ಕೊಡುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಅಂದರೆ ಇ.ಆರ್., ತನ್ನ ಕೈಮೀರಿ ಕೆಲಸ ಬಂದಾಗ ಮಡಚಲು ನೆರವಾಗುವ ಅಣುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ನಮ್ಮಂಥ ಪ್ರಾಣಿಗಳ ಕೋಶಗಳಲ್ಲಿ ಹೊಸ ಪ್ರೋಟೀನಿನ ತಯಾರಿಯೂ ತಗ್ಗುತ್ತದೆ. ಒತ್ತಡ ಇಳಿಯದೇ ಹೋದರೆ ಕೋಶ ಸಾಯುತ್ತದೆ.

ಈ ಇ.ಆರ್. ಒತ್ತಡವನ್ನು ಬೊಜ್ಜಿಗೆ ಜೋಡಿಸಿದ್ದು ನಮ್ಮ ಪೀಳಿಗೆಯ ದೊಡ್ಡ ಸಾಧನೆ. 2004ರಲ್ಲಿ ಹಾರ್ವರ್ಡ್‌ನ ಗೋಖಾನ್ ಹೊಟಮಿಸ್ಲಿಗಿಲ್ ಅವರ ತಂಡ ಬೊಜ್ಜಿನ ಇಲಿಗಳ ಯಕೃತ್ತು, ಕೊಬ್ಬುಗಳಲ್ಲಿ ಇ.ಆರ್. ಒತ್ತಡವನ್ನು ಕಂಡಿತು, ಅದು ಜೆಎನ್‌ಕೆ ಕಿಣ್ವವನ್ನು ಕೆರಳಿಸಿ ಇನ್ಸುಲಿನ್ ಸಂದೇಶಕ್ಕೆ ಅಡ್ಡಿಯಾಗುತ್ತದೆ ಎಂದು ತೋರಿಸಿತು. 2006ರಲ್ಲಿ ಅದೇ ತಂಡ ಈ ಒತ್ತಡ ತಗ್ಗಿಸಲೆಂದು ಫೀನೈಲ್‌ಬ್ಯುಟಿರೇಟ್ ಮತ್ತು ಟಡ್ಕಾ ಎಂಬ ಪಿತ್ತಾಮ್ಲವನ್ನು ಕೊಟ್ಟಾಗ ಇಲಿಗಳ ಸಕ್ಕರೆ ಸಹಜ ಮಟ್ಟಕ್ಕೆ ಬಂತು. ಇವೆರಡೂ ಬೇರೆ ಕಾಯಿಲೆಗಳಿಗಾಗಿ ಆಗಲೇ ಪರಿಚಿತವಾಗಿದ್ದ ಅಣುಗಳು.

2010ರಲ್ಲಿ ಪ್ರಕಟವಾದ ಮಾನವ ಪ್ರಯೋಗವನ್ನು ಕೊಂಚ ನಿಂತು ನೋಡಬೇಕು. ಬೊಜ್ಜಿದ್ದ 20 ಮಂದಿಯಲ್ಲಿ ಕೆಲವರಿಗೆ ಟಡ್ಕಾ, ಉಳಿದವರಿಗೆ ಹುಸಿಮಾತ್ರೆ; ದಿನಕ್ಕೆ 1,750 ಮಿಲಿಗ್ರಾಂ, ನಾಲ್ಕು ವಾರ. ಟಡ್ಕಾ ಪಡೆದವರ ಯಕೃತ್ತು, ಸ್ನಾಯುಗಳ ಇನ್ಸುಲಿನ್ ಸಂವೇದನೆ ಸುಮಾರು ಶೇ. 30ರಷ್ಟು ಹೆಚ್ಚಿತು. ಆದರೆ ಸ್ನಾಯು ಮತ್ತು ಕೊಬ್ಬಿನ ತುಣುಕುಗಳಲ್ಲಿ ಇ.ಆರ್. ಒತ್ತಡದ ಕುರುಹುಗಳು ಬದಲಾಗಿರಲಿಲ್ಲ. ಮದ್ದು ಕೆಲಸ ಮಾಡಿತು, ಯಾವ ದಾರಿಯಲ್ಲಿ ಎಂಬುದು ಇತ್ಯರ್ಥವಾಗಲಿಲ್ಲ. ದೊಡ್ಡ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ.

ಆದರೆ ಒತ್ತಡ ಸಂಶೋಧನೆಯ ಪಕ್ಕದ ಕವಲುಗಳಲ್ಲಿ ಪೆಟ್ಟುಗಳು ಬಿದ್ದವು. ಕೋಶದ ಎನ್‌ಆರ್‌ಎಫ್2 ಎಂಬ ರಕ್ಷಣಾ ವ್ಯವಸ್ಥೆಯನ್ನು ಚುರುಕುಗೊಳಿಸುವ ಬಾರ್ಡಾಕ್ಸಲೋನ್‌ನ ಪ್ರಯೋಗ, ಮೂತ್ರಪಿಂಡ ಸೋತ ಮಧುಮೇಹಿಗಳಲ್ಲಿ ಹೃದಯ ವೈಫಲ್ಯ ಹೆಚ್ಚಿದ್ದರಿಂದ 2012ರಲ್ಲಿ ನಿಂತಿತು. ಒತ್ತಡದ ಸಂಕೇತವನ್ನು ತಡೆಯುವ, ಕೊಬ್ಬಿನ ಯಕೃತ್ತಿನ ಕಾಯಿಲೆಗೆಂದು ತಂದ ಸೆಲೊನ್‌ಸರ್ಟಿಬ್ 2019ರಲ್ಲಿ ಸೋತಿತು. ಒತ್ತಡ ಪ್ರತಿಕ್ರಿಯೆ ಮೂಲತಃ ಕೋಶದ ರಕ್ಷಣೆ. ಯಾವ ಅಂಗದಲ್ಲಿ, ಎಷ್ಟು, ಎಷ್ಟು ಕಾಲ ಎಂದು ಅರಿಯದೆ ಅದನ್ನು ಕೆಣಕಿದರೆ ಅಪಾಯವೇ. ಈ ಸೋಲುಗಳು ಹೇಳಿದ್ದು ಇಷ್ಟು. ಇಡೀ ಕ್ಷೇತ್ರವನ್ನು ಕೈಬಿಡಿ ಎಂದಲ್ಲ.

ಭಾರತಕ್ಕಂತೂ ಈ ಪ್ರಶ್ನೆ ತುರ್ತಿನದು. ಐಸಿಎಂಆರ್‌ನ 2023ರ ವರದಿಯ ಅಂದಾಜಿನಂತೆ ನಮ್ಮಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ತೆಳ್ಳಗೆ ಕಾಣುವ ಭಾರತೀಯರ ಮೈಯಲ್ಲೂ ಕೊಬ್ಬಿನ ಪಾಲು ಹೆಚ್ಚಿರಬಹುದೆಂದು ಪುಣೆಯ ಚಿತ್ತರಂಜನ್ ಯಾಜ್ಞಿಕ್ ಬಹಳ ಹಿಂದೆಯೇ ತೋರಿಸಿದ್ದಾರೆ. ಇಳಿಸಲು ಹೆಚ್ಚು ತೂಕವೇ ಇಲ್ಲದ ಮಧುಮೇಹಿಗೆ ತೂಕ ಇಳಿಸುವ ಮದ್ದೊಂದೇ ಉತ್ತರವಾಗಲಾರದು. ಲಾಭದ ಆಸೆ ಹುಟ್ಟಿಸದ ಹಳೆಯ ಅಣುಗಳಿಗೆ ಕಂಪನಿಗಳು ಹಣ ಹೂಡುವುದು ಕಡಿಮೆ. ಸಾರ್ವಜನಿಕ ಹಣವೇ ಬರಬೇಕು. ಇಂಥ ರೋಗಿಗಳನ್ನೇ ಆರಿಸಿಕೊಂಡು, ನಾಲ್ಕು ವಾರಕ್ಕೆ ಬದಲು ವರ್ಷಗಟ್ಟಲೆ, ಸಕ್ಕರೆಯ ಜೊತೆಗೆ ಕೋಶದ ಒತ್ತಡವನ್ನೂ ಅಳೆಯುವ ಪ್ರಯೋಗವನ್ನು ನಮ್ಮ ವೈದ್ಯಕೀಯ ಸಂಸ್ಥೆಗಳು ಈಗಲಾದರೂ ಕೈಗೆತ್ತಿಕೊಳ್ಳಬೇಕು.